ಯಾರೂ ಕಾಯಿಸದ ನೀರು

"ಓಡಿತು! ನೋಡಿದ್ರಾ ಆಂಟಿ, ಮತ್ತೆ ಓಡಿತು!"

ಅಪೂರ್ವ ಎದ್ದು ನಿಂತು ಪರದೆಯತ್ತ ಬೆರಳು ಮಾಡಿದಳು. ದೀಪ ಆರಿಸಿದ ಕೋಣೆ. ಪರದೆಯ ಮೇಲೆ, ಅಪೂರ್ವಳ ಲೆಕ್ಕವನ್ನು ಪರೀಕ್ಷಿಸಲು ಈ ಪ್ರಯೋಗಾಲಯದವರು ಹಿಂದೆ ತೆಗೆದಿದ್ದ ಗಾಜಿನ ಕಾಲುವೆಯೊಂದರ ವಿಡಿಯೊ. ಕೂದಲೆಳೆಗಿಂತ ಸಣ್ಣದಾದ ಗುಳ್ಳೆಯನ್ನು ಸಾಸಿವೆ ಕಾಳಿನಷ್ಟು ಹಿಗ್ಗಿಸಿ ತೋರಿಸಿದ್ದರು. ಕಾಲುವೆಯ ಗೋಡೆಯ ಪಕ್ಕದಲ್ಲಿ ಅದು ತನ್ನ ಪಾಡಿಗೆ ತೇಲುತ್ತಿತ್ತು. ಶಬ್ದ ಹಾಯಿಸಿದ್ದೇ ತಡ, ಬೆದರಿದ ಮೊಲದ ಹಾಗೆ ಗೋಡೆ ಬಿಟ್ಟು ನಡುನೀರಿಗೆ ಹಾರಿತು.

"ಶಬ್ದ ಎಲ್ಲುಂಟು? ನನಗೆಂತದೂ ಕೇಳಲಿಲ್ಲ," ಎಂದ ಲಯನೆಲ್.

"ಇದು ಅಲ್ಟ್ರಾಸೌಂಡ್ ಅಂಕಲ್. ಬಸುರಿಯರ ಹೊಟ್ಟೆ ಸ್ಕ್ಯಾನ್ ಮಾಡ್ತಾರಲ್ಲ, ಆ ಜಾತಿದು. ನಮ್ಮ ಯಾರ ಕಿವಿಗೂ ಕೇಳಲ್ಲ."

"ಹಾಗಾದ್ರೆ ಸರಿ. ನಾನು ಹಿಯರಿಂಗ್ ಏಡ್ ಬ್ಯಾಟರಿ ಹೋಯ್ತು ಅಂತ ಮಾಡಿದೆ."

"ಬ್ಯಾಟರಿ ಸರಿ ಉಂಟು. ನಾನು ಕರೆದಾಗ ಮಾತ್ರ ಹೋಗುವುದು ಅದು," ಎಂದಳು ಅವನ ಹೆಂಡತಿ ಬರ್ಥಾ, ಪರದೆಯಿಂದ ಕಣ್ಣು ಕೀಳದೆ.

ಬರ್ಥಾ ನಗಿಸುತ್ತಿದ್ದಳೇ ಹೊರತು ಅವಳ ಮನಸ್ಸು ನಗುತ್ತಿರಲಿಲ್ಲ. ಶುಕ್ರವಾರ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಅಪೂರ್ವ ಕೆಲಸ ಮಾಡುವ ಸಂಸ್ಥೆಯಲ್ಲಿ, ವಿಚಾರಣಾ ಸಮಿತಿ ಕೂಡುವುದಿತ್ತು. ಈ ಓಡುವ ಗುಳ್ಳೆಯೇ ನಿಜವೆಂದಾದರೆ ಅಪೂರ್ವ ಲೆಕ್ಕ ತಿದ್ದಿ ಬೇಕಾದ ಉತ್ತರ ಬರಿಸಿದವಳು ಎಂದಾಗುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು, ಕೆಲಸದ ಬೆನ್ನಿಗೇ ವೀಸಾ. ಸಿಡ್ನಿಯದೇ ಬಡಾವಣೆಯಾದ ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಯ ಮಾಳಿಗೆಯಲ್ಲಿ ಪತ್ತೇದಾರಿ ಆಫೀಸು ಇಟ್ಟಿದ್ದ ಬರ್ಥಾ, ಗಂಡನನ್ನೂ ಕಾರನ್ನೂ ಹೊರಡಿಸಿಕೊಂಡು ಈ ಹುಡುಗಿಯೊಂದಿಗೆ ಮೆಲ್ಬರ್ನಿಗೆ ಬಂದದ್ದು ಅದಕ್ಕೇ.

"ಲೈಟ್ ಹಾಕಿ ಯಾರಾದ್ರೂ," ಎಂದ ಕ್ಲೈವ್, ಪ್ರೊಜೆಕ್ಟರಿನ ಪಕ್ಕದಿಂದ. ಈ ಪ್ರಯೋಗಾಲಯದ ಸಾಮಾನು ಸರಂಜಾಮಿಗೆಲ್ಲ ಅವನೇ ಯಜಮಾನ, ಮಂಗಳೂರಿನ ಕುಲಶೇಖರದವನು. ಹಳೆಯ ಉಣ್ಣೆ ಗೋದಾಮನ್ನು ಪ್ರಯೋಗಾಲಯ ಮಾಡಿದ್ದರಿಂದ ಅಲ್ಲಿ ಯಾವುದೂ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಲಯನೆಲ್ ಬಾಗಿಲ ಪಕ್ಕದ ಗೋಡೆಯನ್ನು ಕುರುಡನಂತೆ ತಡವಿದ. ಅಷ್ಟರಲ್ಲಿ ಅಪೂರ್ವ ಫ್ರಿಜ್ಜಿನ ಹಿಂದಕ್ಕೆ ಕೈ ಹಾಕಿ ದೀಪ ಹಾಕಿದಳು.

"ನನ್ನ ಕಂಪ್ಯೂಟರಲ್ಲಿ ಇದೇ ಗುಳ್ಳೆ ಗೋಡೆ ಕಡೆಗೆ ಹೋಗುತ್ತೆ ಆಂಟಿ. ಹೋಗಿ ಅಂಟಿಕೊಳ್ಳುತ್ತೆ. ಹೋಗಲೇಬೇಕು!" ಅವಳ ದನಿ ಏರಿತು. "ರಕ್ತನಾಳದ ಗೋಡೆ ಮೇಲೆ ರಕ್ತ ಹೆಪ್ಪುಗಟ್ಟಿರುತ್ತೆ ಅಂದ್ಕೊಳ್ಳಿ. ಗುಳ್ಳೆಗೆ ಔಷಧಿ ಸವರಿ ಬಿಡ್ತೀವಿ. ಹೊರಗಿಂದ ಶಬ್ದ ಹಾಯಿಸಿದರೆ ಗುಳ್ಳೆ ತಾನಾಗೇ ಗೋಡೆಗೆ ಹೋಗಿ ಔಷಧಿ ಮುಟ್ಟಿಸುತ್ತೆ. ನನ್ನ ಮೂರು ವರ್ಷದ ಸಿಮ್ಯುಲೇಶನ್ ಹೇಳೋದು ಇಷ್ಟೇ. ಇಲ್ಲಿ ನೋಡಿದರೆ ಅದು ಗೋಡೆ ಕಂಡರೆ ಅತ್ತೆ ಕಂಡ ಹಾಗೆ ಓಡ್ತಾ ಇದೆ."

"ನಿನಗಿನ್ನೂ ಮದುವೆ ಆಗಿಲ್ಲ, ಅತ್ತೆ ಸುದ್ದಿ ಹೇಗೆ ಗೊತ್ತು?"

"ನಮ್ಮಮ್ಮನ್ನ ನೋಡಿದೀನಲ್ಲ!"

ಮೈಸೂರಿನ ಒಂಟಿಕೊಪ್ಪಲಿನ ಈ ಹುಡುಗಿಗೆ ಕೊರಳಿಗೆ ಕುತ್ತು ಬಂದಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಬರ್ಥಾಗೆ ಅವಳು ಇಷ್ಟವಾಗಿದ್ದು ಅದಕ್ಕೇ.

"ಸರಿ ಮಗಾ. ಗುಳ್ಳೆ ಗೋಡೆಗೆ ಯಾಕೆ ಹೋಗಬೇಕು, ನನಗೆ ತಿಳಿಯುವ ಹಾಗೆ ಹೇಳು."

ಅಪೂರ್ವ ಯೋಚಿಸಿದಳು. "ಶಬ್ದ ಬಿದ್ದಾಗ ಗುಳ್ಳೆ ಹಿಗ್ಗುತ್ತೆ, ಕುಗ್ಗುತ್ತೆ. ಗಟ್ಟಿ ಗೋಡೆ ಅದಕ್ಕೆ ಕನ್ನಡಿ ಇದ್ದ ಹಾಗೆ. ಕನ್ನಡಿಯೊಳಗಿನ ಗುಳ್ಳೆಯೂ ಇದರ ಜೊತೆಗೇ ಹಿಗ್ಗಿ, ಜೊತೆಗೇ ಕುಗ್ಗುತ್ತೆ. ತಾಳ ಕೂಡಿದರೆ ಒಂದನ್ನೊಂದು ಎಳೀತವೆ. ನೀವು ನಕ್ಕರೆ ಕನ್ನಡಿಯೂ ನಗುತ್ತಲ್ಲ, ಹತ್ತಿರ ಹೋಗಿ ನೋಡ್ತೀರ. ಹಾಗೆ."

"ಕನ್ನಡಿ ಅಣಕಿಸಿದರೆ?"

"ಅಂದ್ರೆ?"

"ನಾನು ನಗುವಾಗ ಅದು ಅತ್ತರೆ? ನಾನಾದ್ರೆ ಓಡಿಹೋಗ್ತೇನಪ್ಪ."

ಅಪೂರ್ವಳ ಬಾಯಿ ಅರ್ಧ ತೆರೆದಿತ್ತು. ಮುಂದಿನ ಕ್ಷಣ ಅವಳು ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ಬಿಚ್ಚಿದಳು.

"ಗೋಡೆ ಎಷ್ಟು ಗಟ್ಟಿ ಅಂತ ಕಂಪ್ಯೂಟರ್ ಕೇಳುತ್ತೆ ಆಂಟಿ. ನಾನು ಯಾವಾಗಲೂ ಗಾಜಿನ ಸಂಖ್ಯೆ ಕೊಡ್ತಿದ್ದೆ, ಯಾಕಂದ್ರೆ ಇಲ್ಲಿರೋದು ಗಾಜು. ಈಗ ಗಾಜು ತೆಗೆದು ಅಲ್ಲಿ ಗಾಳಿ ಇಡ್ತೀನಿ. ಗಾಳಿ ಮೆತ್ತಗೆ. ಕನ್ನಡಿ ಉಲ್ಟಾ ಆಗುತ್ತೆ. ಇದು ಹಿಗ್ಗಿದರೆ ಅದು ಕುಗ್ಗುತ್ತೆ..."

ಕಂಪ್ಯೂಟರು ಲೆಕ್ಕ ಶುರುಮಾಡಿತು. ಒಂದು ಚಹಾ ಮುಗಿಯುವಷ್ಟು ಹೊತ್ತು ಬೇಕಂತೆ. ಲಯನೆಲ್ ಹ್ಯಾರಿಸ್ ಪಾರ್ಕಿನಿಂದ ತಂದಿದ್ದ ಚಕ್ಕುಲಿ ಡಬ್ಬ ತೆಗೆದ. ಪ್ರಯೋಗಾಲಯದಲ್ಲಿ ತಿನ್ನಬಾರದೆಂದು ಕ್ಲೈವ್ ಕಣ್ಣು ಬಿಟ್ಟ. ಬಿಟ್ಟ ಕಣ್ಣು ಚಕ್ಕುಲಿಯ ಮೇಲೆ ನಿಂತಿತು. ಆಮೇಲೆ ಅಪೂರ್ವಳನ್ನು ಕಂಪ್ಯೂಟರಿನ ಮುಂದೆ ಬಿಟ್ಟು ಉಳಿದವರೆಲ್ಲ ಬಾಗಿಲ ಹೊಸ್ತಿಲಿನಾಚೆ ನಿಂತು ತಿಂದರು. ನಿಯಮ ಉಳಿಯಿತು, ಚಕ್ಕುಲಿ ಉಳಿಯಲಿಲ್ಲ.

"ಆಂಟೀ!"

ಎಲ್ಲರೂ ಒಳಕ್ಕೆ ಓಡಿದರು. ಲ್ಯಾಪ್‌ಟಾಪಿನ ಮೇಲೆ ಒಂದು ನೀಲಿ ಚುಕ್ಕೆ ಗೋಡೆ ಬಿಟ್ಟು ನಡುವಿಗೆ ಹಾರಿತು. ಅಪೂರ್ವ ಅದರ ಪಕ್ಕದಲ್ಲೇ ಪ್ರಯೋಗದ ಚಿತ್ರವನ್ನೂ ಓಡಿಸಿದಳು. ಒಂದೇ ಓಟ. ಒಂದೇ ತಿರುವು. ಅವಳಿ ಮಕ್ಕಳ ಹಾಗೆ.

"ನನ್ನ ಲೆಕ್ಕ ಸರಿ ಇದೆ," ಎಂದಳು ಅಪೂರ್ವ. ಕಣ್ಣಲ್ಲಿ ನೀರು ಬಂದಿತ್ತು. "ಇವರ ಗೋಡೆ ಸರಿ ಇರಲಿಲ್ಲ. ಗಾಜಿನ ಮೇಲೆ ಗಾಳಿ ಕೂತಿತ್ತು."

"ಗಾಜಿನ ಮೇಲೆ ಗಾಳಿ ಹೇಗೆ ಕೂರ್ತದೆ ಮಾರಾಯ್ತಿ? ಅದೇನು ನೊಣವಾ?" ಎಂದ ಕ್ಲೈವ್.

ಬರ್ಥಾ ಕ್ಲೈವ್‌ನ ಮೇಜಿನ ಮೇಲೆ ಬೆಳಗಿನಿಂದ ಇದ್ದ ನೀರಿನ ಗಾಜಿನ ಲೋಟವನ್ನು ನೋಡುತ್ತಿದ್ದಳು. ಲೋಟದ ಒಳಮೈಗೆಲ್ಲ ಮಣಿಮಣಿಯಾಗಿ ಸಣ್ಣ ಗುಳ್ಳೆಗಳು ಅಂಟಿದ್ದವು. ಯಾರ ಮನೆಯಲ್ಲಿ ನೋಡಿಲ್ಲ ಇದನ್ನು? ರಾತ್ರಿ ತುಂಬಿಸಿಟ್ಟ ಲೋಟ ಬೆಳಿಗ್ಗೆ ಹೀಗೇ ಇರುತ್ತದೆ.

"ಹೀಗೆ ಕೂರ್ತದೆ," ಎಂದು ಅವಳು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದಳು.

ಕ್ಲೈವ್ ನಕ್ಕುಬಿಟ್ಟ. "ಅದು ನಲ್ಲಿ ನೀರು ಮಾರಾಯ್ರೆ. ಗಾಳಿ ಕರಗಿರ್ತದೆ, ಬಿಸಿಗೆ ಹೊರಗೆ ಬರ್ತದೆ. ನಾವು ಪ್ರಯೋಗಕ್ಕೆ ಹಾಕುವ ನೀರಿನಲ್ಲಿ ಗಾಳಿಯೇ ಇಲ್ಲ. ಚೆನ್ನಾಗಿ ಕುದಿಸಿ, ಬಿಸಿ ಇರುವಾಗಲೇ ಬಾಟ್ಲಿಗೆ ಗಂಟಲ ತನಕ ತುಂಬಿಸಿ, ಮುಚ್ಚಿ, ಮುಟ್ಟದೆ ಇಡುವುದು. ತಾನಾಗೇ ತಣಿಯಬೇಕು. ಒಂದು ಇಡೀ ದಿನ ಬೇಕು."

"ಈ ಪಿಕ್ಚರ್ ತೆಗೆದ ದಿನದ ನೀರು ಯಾರು ಕಾಯಿಸಿದ್ದು?"

"ಗುರು," ಎಂದ ಕ್ಲೈವ್ ತಟ್ಟನೆ. "ಈಸ್ಟರ್ ರಜೆ ಮುಗಿಸಿ ಮಂಗಳವಾರ ಬಂದೆ. ಬಾಟ್ಲಿ ತುಂಬಿ ಫ್ರಿಜ್ಜಲ್ಲಿ ರೆಡಿ ಇತ್ತು. ಗುರು ಒಳ್ಳೆ ಹುಡುಗ, ಮೊದಲೇ ಮಾಡಿಟ್ಟಿದ್ದಾನೆ ಅಂತ ಖುಷಿಯಾಯ್ತು. ಆ ದಿನವೇ ಪಿಕ್ಚರ್ ತೆಗೆದದ್ದು."

ಸಹಾಯಕ ಸಂಶೋಧಕ ಗುರು ಆಗತಾನೇ ಕಾರಿನ ಬೀಗದ ಕೈ ತಿರುಗಿಸುತ್ತ ಒಳಗೆ ಬಂದ. ಎಲ್ಲರನ್ನೂ ಊರಂಚಿನ ಟಾರ್ನೀಟ್ ಬಡಾವಣೆಯಲ್ಲಿರುವ ಮೇಲಧಿಕಾರಿ ಡಾಕ್ಟರ್ ಸಿದ್ದಲಿಂಗಪ್ಪನವರ ಮನೆಗೆ ಕರೆದೊಯ್ಯಲು ಬಂದಿದ್ದ. ಹಾವೇರಿಯವನು, ಇಲ್ಲೇ ಓದಿ, ಕಾಯಂ ನೆಲೆಸುವ ಪಿಆರ್ ಪಡೆದು, ಇಲ್ಲೇ ನಿಂತವನು. ವೆಸ್ಟ್‌ಮೀಡ್‌ನ ಕೆಲಸಕ್ಕೆ ಅಪೂರ್ವಳೊಂದಿಗೆ ಅರ್ಜಿ ಹಾಕಿ ಸೋತವನು ಎಂಬುದನ್ನು ಬರ್ಥಾ ಮರೆತಿರಲಿಲ್ಲ.

"ನೀರು? ನಾ ಕಾಯಿಸಿಲ್ರಿ!" ಎಂದ ಗುರು. "ಅದು ಕ್ಲೈವಣ್ಣ ಮಾಡಿದ್ದಲ್ಲೇನ್ರಿ? ನಾ ಹಂಗ ತಿಳಕೊಂಡೆ."

"ನಾನಾ? ನಾನು ಗುಡ್ ಫ್ರೈಡೆಯಿಂದ ಸೋಮವಾರದ ತನಕ ಇಗರ್ಜಿಯಲ್ಲೇ ಇದ್ದೆ. ಪಾದ್ರಿಯನ್ನು ಕೇಳಿ!"

"ಮತ್ತ ಸಿದ್ದಲಿಂಗಪ್ಪ ಸರ್ ಇರಬೇಕು."

"ಸರ್ ನೀರು ಕಾಯಿಸ್ತಾರಾ? ಅವರಿಗೆ ಒಲೆ ಹೊತ್ತಿಸ್ಲಿಕ್ಕೆ ಬರ್ತದಾ?"

ಒಬ್ಬರ ಮುಖ ಒಬ್ಬರು ನೋಡಿದರು. ಬಾಟಲಿ ತುಂಬಿತ್ತು. ನೀರು ಕಾದಿತ್ತು, ಆರಿತ್ತು, ಫ್ರಿಜ್ಜು ಸೇರಿತ್ತು. ಕಾಯಿಸಿದವರು ಮಾತ್ರ ಯಾರೂ ಇಲ್ಲ.

"ಬಾಗಿಲಿಗೆ ಬೀಗ?" ಬರ್ಥಾ ಕೇಳಿದಳು.

"ನಂಬರ್ ಲಾಕ್. ನಂಬರು ನಮಗೆ ಮೂವರಿಗೇ ಗೊತ್ತು. ನಾನು, ಗುರು, ಸರ್."

"ನೀನೆಂತ ಹೇಳ್ತೀ?" ಎಂದು ಬರ್ಥಾ ಅಪೂರ್ವಳತ್ತ ತಿರುಗಿದಳು.

"ನಾನೇನು ಹೇಳಲಿ ಆಂಟಿ? ಮೆಲ್ಬರ್ನಿಗೇ ಇವತ್ತು ಮೊದಲ ಸಲ ಬಂದಿರೋದು ನಾನು. ನೀರಿನ ಸಹವಾಸ ನಂಗೆ ಕಂಪ್ಯೂಟರಲ್ಲಿ ಮಾತ್ರ. ಅಲ್ಲಿ ನೀರು ಮುಟ್ಟಿದರೆ ಕೈ ಒದ್ದೆ ಆಗಲ್ಲ." ಅವಳು ನಕ್ಕಳು. ನಗು ಬೇಗ ಮುಗಿಯಿತು. "ನಾನು ಆ ಕೋಣೇಲಿ ಕ್ಯಾಮರಾ ಫೈಲ್ ಕಾಪಿ ಮಾಡ್ಕೋತೀನಿ," ಎಂದು ಎದ್ದುಹೋದಳು. ಗುರುವೂ ಪಾಸ್‌ವರ್ಡ್ ಹಾಕಿಕೊಡಲು ಹಿಂದೆಯೇ ಹೋದ.

ಬರ್ಥಾ ಬೆಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಆತುರಪಡುವ ಹೆಂಗಸಲ್ಲ ಅವಳು. ಇನ್ಶೂರೆನ್ಸ್ ಕಂಪನಿಯಲ್ಲಿದ್ದಾಗ ಸುಟ್ಟ ಅಡುಗೆಮನೆಗಳನ್ನು ನೋಡಿ ನೋಡಿ, ಮನುಷ್ಯರು ಸುಳ್ಳು ಹೇಳಿದರೂ ಮೇಜು ಕುರ್ಚಿಗಳು ಹೇಳುವುದಿಲ್ಲವೆಂದು ಕಲಿತಿದ್ದಳು.

ಬೆಂಚಿನ ಮೇಲೆ ಉದ್ದಕ್ಕೂ ಬಿಳಿಯ ದಪ್ಪ ಕಾಗದ ಹಾಸಿತ್ತು.

"ಇದನ್ನು ಯಾವಾಗ ಬದಲಾಯಿಸ್ತೀರಿ?"

"ಗಲೀಜಾದಾಗ. ಅದು ಈಸ್ಟರಿಗೆ ಮೊದಲು ಹಾಕಿದ್ದು."

ಸಿಂಕಿನ ಹತ್ತಿರದ ಮೂಲೆಯಲ್ಲಿ ಕಾಗದ ಒಂದು ಉರುಟು ಆಕಾರಕ್ಕೆ ತಗ್ಗಿತ್ತು. ಏನೋ ಬಿಸಿಯಾದ, ಭಾರವಾದ ಪಾತ್ರೆ ಇಟ್ಟಿದ್ದ ಗುರುತು. ಉರುಟಿನ ಸುತ್ತಲೂ, ಹಪ್ಪಳದ ಮೇಲಿನ ಬೊಬ್ಬೆಗಳ ಹಾಗೆ, ಸಣ್ಣಸಣ್ಣ ಹನಿ ಬಿದ್ದು ಒಣಗಿದ ಉಬ್ಬುಗಳು. ಹತ್ತಿರ ಹೆಚ್ಚು, ದೂರ ಹೋದ ಹಾಗೆ ಕಡಿಮೆ.

"ಇಲ್ಲೇನಿತ್ತು ಕ್ಲೈವ್?"

"ಏನೂ ಇರ್ಲಿಲ್ಲ. ಹಾಂ, ಮಂಗಳವಾರ ಬಂದಾಗ ಎರಡು ಸ್ಟೀಲ್ ಜಗ್ಗು ತೊಳೆದು ಇಲ್ಲಿ ಬೋರಲು ಹಾಕಿದ್ರು. ಅದನ್ನು ನಾವು ಉಪಯೋಗಿಸುವುದೇ ಇಲ್ಲ, ಕಪಾಟಿನ ಮೇಲಿರ್ತದೆ."

"ಒಂದಲ್ಲ, ಎರಡು?"

"ಎರಡು."

ಬರ್ಥಾ ಆ ಹನಿಗಳ ಮೇಲೆ ಬೆರಳಾಡಿಸಿದಳು. ಅವಳ ಮುಖ ನಿಧಾನವಾಗಿ ಅರಳಿತು. ಲಯನೆಲ್‌ಗೆ ಈ ಮುಖ ಗೊತ್ತಿತ್ತು. ಮೀನಂಗಡಿಯಲ್ಲಿ ತಾಜಾ ಬಂಗುಡೆ ಕಂಡಾಗ ಬರುವ ಮುಖ ಅದು.

"ಗುರು, ನೀನು ಅಪೂರ್ವನನ್ನು ನಿನ್ನ ಕಾರಿನಲ್ಲಿ ಕರ್ಕೊಂಡು ಹೋಗು," ಎಂದು ಅವಳು ಆಚೆ ಕೋಣೆಗೆ ಕೂಗಿದಳು. "ನಾವು ಹಿಂದಿನಿಂದ ಬರ್ತೇವೆ. ನಮ್ಮ ಲಯನೆಲ್‌ಗೆ ಸ್ವಲ್ಪ ಬೈಯ್ಲಿಕ್ಕುಂಟು."

"ಯಾಕೆ? ನಾನೆಂತ ಮಾಡಿದೆ?" ಎಂದ ಲಯನೆಲ್.

*

"ಆರಿಸಿದ್ದು!" ಎಂದಳು ಬರ್ಥಾ, ಕಾರು ಹೊರಟ ಕೂಡಲೇ.

"ಎಂತ ಆರಿಸಿದ್ದು? ಎಲೆಕ್ಷನ್ನಾ?"

"ನೀರು ಮಾರಾಯ್ರೆ, ನೀರು! ಕುದಿಯುವ ನೀರು ಬೇಗ ತಣಿಯಬೇಕು, ಇಡೀ ದಿನ ಕಾಯ್ಲಿಕ್ಕೆ ಪುರುಸೊತ್ತಿಲ್ಲ. ಎರಡು ಜಗ್ಗು ತೆಗೊಂಡು, ಒಂದನ್ನು ಕೆಳಗಿಟ್ಟು, ಇನ್ನೊಂದನ್ನು ಇಷ್ಟೆತ್ತರಕ್ಕೆ ಎತ್ತಿ, ಸೊಂಯ್ ಅಂತ ಸುರಿದು, ಮತ್ತೆ ಅದಕ್ಕೆ ಇದು, ಇದಕ್ಕೆ ಅದು..." ಅವಳ ಕೈ ಲಯನೆಲ್‌ನ ಮೂಗಿಗೆ ತಾಗಿತು.

"ಸ್ಟೀರಿಂಗ್ ಉಂಟು ಇಲ್ಲಿ, ಸ್ಟೀರಿಂಗ್!"

"ಹಾಗೆ ಸುರಿಯುವಾಗ ಹನಿ ಸಿಡೀತದೆ, ಅದೇ ಆ ಕಾಗದದ ಮೇಲೆ ಬಿದ್ದದ್ದು. ನೀರಂತೂ ತಣೀತದೆ. ಆದ್ರೆ ಕುದಿಸಿ ಓಡಿಸಿದ ಗಾಳಿಯೆಲ್ಲ ನೊರೆ ನೊರೆಯಾಗಿ ವಾಪಸು ಒಳಗೆ! ಅದನ್ನೇ ಬಾಟ್ಲಿಗೆ ತುಂಬಿಸಿ ಫ್ರಿಜ್ಜಲ್ಲಿಟ್ಟರು. ಮಂಗಳವಾರ ಗಾಜಿನ ಕಾಲುವೆಯಲ್ಲಿ ಅದು ಬೆಚ್ಚಗಾಯ್ತು, ಗೋಡೆಗೆಲ್ಲ ಮಣಿ ಕಟ್ಟಿತು. ಗೋಡೆ ಮೆತ್ತಗಾಯ್ತು. ಗುಳ್ಳೆ ಓಡಿತು."

ಲಯನೆಲ್ ಮೂಗು ಉಜ್ಜಿಕೊಂಡ. "ಕೆಲಸ ಹಾಳು ಮಾಡಬೇಕು ಅಂತ ಇದ್ದವ ಅಷ್ಟು ಕಷ್ಟ ಯಾಕೆ ಪಡ್ತಾನೆ? ನಲ್ಲಿ ನೀರು ತುಂಬಿಸಿಟ್ಟರೆ ಆಯ್ತಲ್ಲ."

"ಅದೇ ನಾನೂ ಯೋಚಿಸುವುದು! ಇದು ಹಾಳು ಮಾಡಿದ್ದಲ್ಲ. ಸರಿಯಾಗಿ ಮಾಡ್ಲಿಕ್ಕೆ ಹೋದದ್ದು. ಕೈಗೆ ಅಭ್ಯಾಸ. ಬಿಳಿಯರು ಯಾರೂ ಹಾಗೆ ಆರಿಸುವುದಿಲ್ಲ. ನಾವು ಮಂಗಳೂರಿನವರೂ ಇಲ್ಲ. ಕಾಫಿ ಲೋಟದಲ್ಲಿ ಹುಟ್ಟಿದ ಕೈ ಅದು."

"ಹಾಗಾದ್ರೆ ಸಿದ್ದಲಿಂಗಪ್ಪ. ತುಮಕೂರಿನವರು."

"ನೋಡುವ," ಎಂದಳು ಬರ್ಥಾ. "ಬಾಯಿಗೆ ಪ್ರಶ್ನೆ ಕೇಳಿದರೆ ಬಾಯಿ ಸುಳ್ಳು ಹೇಳ್ತದೆ. ನಾನು ಕೈಗೆ ಕೇಳ್ತೇನೆ. ಅವರ ಹೆಂಡತಿ ಚಿನ್ನಮ್ಮನಿಗೆ ಫೋನ್ ಮಾಡಿ ಕೊಡಿ. ಕಾಫಿ ಕುದಿಕುದಿ ಇರಬೇಕು, ಕಪ್ಪಿನಲ್ಲಿ ಬೇಡ, ಊರಿನ ಹಾಗೆ ಸ್ಟೀಲ್ ಲೋಟ, ಬಟ್ಟಲು."

*

ಟಾರ್ನೀಟ್‌ನ ಆ ಬೀದಿಯಲ್ಲಿ ಅರ್ಧ ಮನೆಗಳಿಗೆ ಇನ್ನೂ ಛಾವಣಿ ಇರಲಿಲ್ಲ. ಸಿದ್ದಲಿಂಗಪ್ಪನವರ ಮನೆಗೆ ಛಾವಣಿ ಇತ್ತು, ಪರದೆ ಇರಲಿಲ್ಲ. ಸೋಫಾ ಬಂದಿತ್ತು, ಟೀಪಾಯಿ ಬಂದಿರಲಿಲ್ಲ. ಟಿವಿ ಬಂದ ರಟ್ಟಿನ ಪೆಟ್ಟಿಗೆಯನ್ನೇ ಬೋರಲು ಹಾಕಿ, ಮೇಲೆ ಬಿಳಿ ಕಾಗದ ಹಾಸಿ ನಡುಮನೆಯ ಮಧ್ಯೆ ಇಟ್ಟಿದ್ದರು.

"ಬನ್ನಿ ಬನ್ನಿ! ಮಾರ್ಟ್‌ಗೇಜ್ ಬ್ಯಾಂಕಿಂದು, ಮನೆ ನಂದು, ಧೂಳು ಎಲ್ಲಾರ್ದು," ಎಂದು ಸಿದ್ದಲಿಂಗಪ್ಪ ಗಟ್ಟಿಯಾಗಿ ಸ್ವಾಗತಿಸಿದರು. ದೊಡ್ಡ ದೇಹ, ದೊಡ್ಡ ದನಿ, ವಿಭೂತಿ ಹಚ್ಚಿದ ಹಣೆ, ಮೊಣಕಾಲುದ್ದದ ಚಡ್ಡಿ. ಕ್ಲೈವ್ ಮೊದಲೇ ಬಂದು ಸೋಫಾದ ಒಳ್ಳೆಯ ಮೂಲೆ ಹಿಡಿದಿದ್ದ. ಗುರು ನೆಲದ ಮೇಲೆ. ಅಪೂರ್ವ ಅಡುಗೆಮನೆಯಲ್ಲಿ ಚಿನ್ನಮ್ಮನಿಗೆ ಕೈಜೋಡಿಸುತ್ತಿದ್ದಳು. ಅಲ್ಲಿಂದ ಒಗ್ಗರಣೆಯ ಸದ್ದೂ ನಗುವೂ ಬರುತ್ತಿತ್ತು.

ಬರ್ಥಾ ಕೂತಳು. "ಡಾಕ್ಟ್ರೇ, ಈಸ್ಟರ್ ರಜೆಯಲ್ಲಿ ನೀವೆಲ್ಲಿದ್ರಿ?"

"ಇಲ್ಲೇ. ಹಿತ್ತಲಲ್ಲಿ ಲಾನ್ ಹಾಸ್ತಿದ್ದೆ. ಹುಲ್ಲು ಚಾಪೆ ತರ ಸುತ್ತಿ ಮಾರ್ತಾರೆ ಇಲ್ಲಿ, ಬಿಚ್ಚಿ ಹಾಸೋದು."

"ಬೇರು ಮೇಲೆ ಮಾಡಿ ಹಾಸಿದ್ರು!" ಎಂದು ಅಡುಗೆಮನೆಯಿಂದ ಚಿನ್ನಮ್ಮನ ದನಿ ಬಂತು. "ಪಕ್ಕದ ಮನೆ ಗ್ರೀಕ್ ತಾತ ಬಂದು ಮಗುಚಿ ಹಾಕಿಕೊಟ್ಟ!"

"ಒಂದೇ ಒಂದು ರೋಲು ಕಣೇ!"

ಎಲ್ಲರೂ ನಕ್ಕರು. ಬರ್ಥಾ ಕೂಡ ನಕ್ಕಳು. ನಗು ಮುಗಿಯುವ ಮೊದಲೇ ಕೇಳಿದಳು: "ಗುಳ್ಳೆ ಗೋಡೆ ಬಿಟ್ಟು ಓಡ್ತದೆ ಅಂತ ನೀವು ಹಿಂದೆ ಒಂದು ಪೇಪರ್ ಬರೆದಿದ್ದೀರಿ, ಅಲ್ವಾ? ಈ ಹುಡುಗಿ ಸರಿಯಾದರೆ ನೀವು ತಪ್ಪಾಗ್ತೀರಿ."

ಗುರು ಕಾಲು ಮಡಚಿಕೊಂಡ.

"ಏನು ನಿಮ್ಮ ಮಾತಿನ ಅರ್ಥ?" ಸಿದ್ದಲಿಂಗಪ್ಪನವರ ದನಿ ಇಳಿದಿತ್ತು. ಇಳಿದ ದನಿಯೇ ಹೆಚ್ಚು ಹೆದರಿಸುವಂತಿತ್ತು.

"ಅರ್ಥ ಏನಿಲ್ಲ. ನಿಮ್ಮ ಪ್ರಯೋಗಾಲಯಕ್ಕೆ ಯಾರೋ ಹೋಗಿ ಗಾಳಿ ತುಂಬಿದ ನೀರು ಇಟ್ಟಿದ್ದಾರೆ. ಅದರಿಂದ ಪಿಕ್ಚರು ನಿಮ್ಮ ಕಡೆಗೆ ಬಂತು. ನಂಬರ್ ಗೊತ್ತಿದ್ದದ್ದು ಮೂವರಿಗೆ."

"ನನ್ನ ಮನೇಲಿ ಕೂತು, ನನ್ನ ಕಾಫಿಗೆ ಕಾಯ್ತಾ, ನನ್ನನ್ನೇ ಕಳ್ಳ ಅಂತೀರಲ್ಲ, ಧೈರ್ಯ ಮೆಚ್ಚಿದೆ."

"ಕಾಫಿ ಕುಡಿದ ಮೇಲೆ ಅಂದರೆ ಋಣ ಆಗ್ತದೆ. ಅದಕ್ಕೇ ಮೊದಲೇ ಅಂದದ್ದು."

ಸಿದ್ದಲಿಂಗಪ್ಪ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಕೇಳಿಯಮ್ಮ. ನನ್ನ ಹಳೇ ಪೇಪರು ತಪ್ಪು ಅಂತ ಆದರೆ ಚಟ್ನಿಪುಡಿ ಹಾಕ್ಕೊಂಡು ತಿಂತೀನಿ. ತಪ್ಪಾಗೋದು ವಿಜ್ಞಾನದಲ್ಲಿ ಅವಮಾನ ಅಲ್ಲ. ಆದರೆ ಇನ್ನೊಬ್ಬರ ಪ್ರಯೋಗಕ್ಕೆ ಹೇಳದೆ ಕೇಳದೆ ಕೈ ಹಾಕೋದಿದೆಯಲ್ಲ, ಅದು ಕ್ಷಮಿಸೋ ಮಾತಲ್ಲ. ನೀರು ಕೆಟ್ಟಿತ್ತು ಅಂತ ಬರೀ ಬಾಯಲ್ಲಿ ಹೇಳಿದರೆ ಶುಕ್ರವಾರ ಸಮಿತಿ ನಂಬಲ್ಲ. ಯಾರು ಕೆಡಿಸಿದ್ದು ಅಂತ ತೋರಿಸಿ. ತೋರಿಸಿದರೆ ನಾನೇ ಸಿಡ್ನಿಗೆ ಬಂದು ಈ ಹುಡುಗಿ ಪರ ನಿಂತು ಮಾತಾಡ್ತೀನಿ. ಜೊತೆಗೆ, ಆ ಕೈ ಯಾರದ್ದೇ ಆಗಿರಲಿ, ಗುರುದೇ ಆಗಲಿ, ಕ್ಲೈವ್‌ದೇ ಆಗಲಿ, ಹೆಸರು ಹೇಳಿ ಈ ಕೆಲಸದಿಂದ ಆಚೆ ಹಾಕಿಸ್ತೀನಿ. ಎಲ್ಲೂ ಸೇರಿಸಿಕೊಳ್ಳದ ಹಾಗೆ."

"ನಿಮ್ಮದೇ ಆಗಿದ್ದರೆ?"

"ನನ್ನದಾದರೆ ಲಾನ್ ಹಾಸ್ಕೊಂಡು ಜೀವನ ಮಾಡ್ತೀನಿ."

"ಬೇರು ಮೇಲೆ ಮಾಡಿ," ಎಂದ ಲಯನೆಲ್.

"ಹಾಗಾದರೆ ಮಾತಾಯ್ತು," ಎಂದಳು ಬರ್ಥಾ. "ಈ ಕಾಫಿ ಮುಗಿಯುವುದರೊಳಗೆ ಆ ಕೈ ಯಾವುದು ಅಂತ ಹೇಳ್ತೇನೆ."

ಅಷ್ಟರಲ್ಲಿ ಚಿನ್ನಮ್ಮ ತಟ್ಟೆ ಹಿಡಿದು ಬಂದಳು. ಬಟ್ಟಲೊಳಗೆ ಕೂತ ಸ್ಟೀಲ್ ಲೋಟಗಳಿಂದ ಹಬೆ ಹೊಗೆಯ ಹಾಗೆ ಏಳುತ್ತಿತ್ತು. "ಬೆಂಕಿ ಇದ್ದಂಗಿದೆ, ನೋಡ್ಕೊಂಡು ಕುಡೀರಪ್ಪ. ಹೀಗೇ ಇರಬೇಕು ಅಂತ ಇವರ ಅಪ್ಪಣೆ," ಎಂದು ಬರ್ಥಾಳನ್ನು ತೋರಿಸಿದಳು.

ಬರ್ಥಾ ತನ್ನ ಲೋಟ ಮುಟ್ಟಲಿಲ್ಲ. ಕೈಗಳನ್ನು ನೋಡುತ್ತಿದ್ದಳು.

ಕ್ಲೈವ್ ಲೋಟದ ಅಂಚನ್ನು ಕರವಸ್ತ್ರದಲ್ಲಿ ಹಿಡಿದು ಉಫ್ ಉಫ್ ಎಂದು ಊದಿದ. ಕ್ರಿಸ್ಮಸ್ ಮೇಣದಬತ್ತಿ ಆರಿಸುವವನ ಹಾಗೆ ಊದುತ್ತಲೇ ಇದ್ದ. ಒಂದು ಹನಿಯೂ ಬಟ್ಟಲಿಗೆ ಹೋಗಲಿಲ್ಲ.

ಗುರು ಬಟ್ಟಲಿಗೆ ಸ್ವಲ್ಪವೇ ಬಗ್ಗಿಸಿ, ಅದನ್ನೇ ಬಾಯಿಗಿಟ್ಟು ಸೊರ್ ಎಂದು ಎಳೆದ. "ನಮ್ಮೂರಾಗ ಬಸಿಯೊಳಗೇ ಕುಡಿಯೂದ್ರಿ. ರುಚಿ ಬ್ಯಾರೆ."

ಉಳಿದವರು ಸಿದ್ದಲಿಂಗಪ್ಪ. ಅವರು ಲೋಟ ಎತ್ತಿದರು. ಬಟ್ಟಲನ್ನೂ ಎತ್ತಿದರು. ಬರ್ಥಾ ಉಸಿರು ಹಿಡಿದಳು. ಲಯನೆಲ್ ಅವಳಿಗಿಂತ ಜೋರಾಗಿ ಹಿಡಿದ. ಅವರು ಎರಡನ್ನೂ ಹಿಡಿದುಕೊಂಡು ಎದ್ದು ಹೋಗಿ, ಫ್ರಿಜ್ಜು ತೆಗೆದು, ತಣ್ಣನೆಯ ಹಾಲು ಸುರಿದುಕೊಂಡು ಬಂದು ಕೂತರು.

"ಥೂ, ಕಾಫಿ ಕೆಡಿಸ್ಬಿಟ್ರು," ಎಂದಳು ಚಿನ್ನಮ್ಮ. "ಇಪ್ಪತ್ತು ವರ್ಷದಿಂದ ಇದೇ ಚಾಳಿ. ಒಂದು ಲೋಟ ಆರಿಸಿಕೊಳ್ಳೋಕೆ ಬರಲ್ಲ ಈ ಮನುಷ್ಯಂಗೆ. ಮೈಮೇಲೆ ಚೆಲ್ಲಿಕೊಳ್ತಾರೆ."

ಲಯನೆಲ್ ನಿರಾಸೆಯಲ್ಲಿ ತನ್ನ ಲೋಟವನ್ನು ಹಾಗೇ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡ. "ಉತ್ತರ ಹಿಕ್ಕಿತಾ?" ಎಂದು ಸುಟ್ಟ ನಾಲಿಗೆಯಲ್ಲೇ ಹೆಂಡತಿಯ ಕಿವಿಯಲ್ಲಿ ಕೇಳಿದ.

ಬರ್ಥಾಗೆ ಉತ್ತರ ಸಿಕ್ಕಿರಲಿಲ್ಲ. ನಂಬರು ಗೊತ್ತಿದ್ದ ಮೂವರ ಆರು ಕೈಗಳನ್ನೂ ನೋಡಿಯಾಗಿತ್ತು. ಯಾವುದೂ ಅಲ್ಲ. ಜೀವಮಾನದಲ್ಲಿ ಇಷ್ಟು ಒಳ್ಳೆಯ ಉಪಾಯ ಇಷ್ಟು ಕೆಟ್ಟದಾಗಿ ಸೋತಿರಲಿಲ್ಲ. ಅವಳಿಗೇ ನಗು ಬಂತು.

"ಅಯ್ಯೋ, ಎಲ್ಲಾ ಕುಡಿದಾಯ್ತಾ? ನನ್ನ ಬಿಟ್ಟು?"

ಅಪೂರ್ವ ತನ್ನ ಲೋಟ ಬಟ್ಟಲು ಹಿಡಿದು ಅಡುಗೆಮನೆಯಿಂದ ಬಂದು, ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಳು. ಬಹಳ ದಿನಗಳ ಮೇಲೆ ಅವಳ ಮುಖ ಹಗುರಾಗಿತ್ತು. "ಆಂಟಿ, ಚಿನ್ನಮ್ಮ ಆಂಟಿಗೆ ಎಲ್ಲಾ ಹೇಳಿದೆ. ನನ್ನ ಲೆಕ್ಕ ಸರಿ ಅಂತ. ಶುಕ್ರವಾರ ನಾನು ಗೆದ್ದೆ ಅಂತಲೇ ಪಾಯಸ ಮಾಡಿಬಿಟ್ರು. ಗುರು, ಅದೇನು ಹಾಗೆ ಸೊರಸೊರ ಎಳೀತೀಯ, ಎಮ್ಮೆ ನೀರು ಕುಡಿದ ಹಾಗೆ!"

ಮಾತಾಡುತ್ತಲೇ ಅವಳು ಬಟ್ಟಲನ್ನು ಪೆಟ್ಟಿಗೆಯ ಮೇಲಿಟ್ಟಳು. ಲೋಟವನ್ನು ಎತ್ತಿದಳು. ಭುಜದ ತನಕ, ಕಿವಿಯ ತನಕ. ಕಣ್ಣು ಗುರುವಿನ ಮೇಲಿತ್ತು, ನಗು ತುಟಿಯ ಮೇಲಿತ್ತು. ಕೈಗೆ ಯಾರ ಸಹಾಯವೂ ಬೇಕಿರಲಿಲ್ಲ. ಕಂದು ಬಣ್ಣದ ಕಾಫಿ ಹಗ್ಗದ ಹಾಗೆ ನೇರ ಇಳಿದು, ಬಟ್ಟಲಿನಲ್ಲಿ ಬುಸ್ಸೆಂದು ನೊರೆಯೆದ್ದಿತು. ಬಟ್ಟಲಿಂದ ಲೋಟಕ್ಕೆ. ಲೋಟದಿಂದ ಮತ್ತೆ ಬಟ್ಟಲಿಗೆ.

ಪೆಟ್ಟಿಗೆಯ ಮೇಲಿನ ಬಿಳಿ ಕಾಗದದಲ್ಲಿ ಬಟ್ಟಲಿನ ಉರುಟು ಗುರುತು ಮೂಡಿತ್ತು. ಅದರ ಸುತ್ತ ಸಣ್ಣಸಣ್ಣ ಹನಿಗಳು. ಹತ್ತಿರ ಹೆಚ್ಚು, ದೂರ ಹೋದ ಹಾಗೆ ಕಡಿಮೆ.

ಬರ್ಥಾಳ ನಗು ತುಟಿಯಲ್ಲೇ ನಿಂತಿತು. ಫ್ರಿಜ್ಜಿನ ಹಿಂದಿನ ಸ್ವಿಚ್ಚು ಅವಳಿಗೆ ಆಗ ನೆನಪಾಯಿತು. ಮೆಲ್ಬರ್ನಿಗೆ ಮೊದಲ ಸಲ ಬಂದವಳು ಅದನ್ನು ಕತ್ತಲಲ್ಲಿ ತಡವದೆ ಹಾಕಿದ್ದಳು.

ಎಲ್ಲರೂ ಆ ಕಾಫಿಯ ಹಗ್ಗವನ್ನು ಮೆಚ್ಚಿ ನೋಡುತ್ತಿದ್ದರು. ನಂಬರು ಗೊತ್ತಿದ್ದ ಮೂವರಲ್ಲಿ ಗುರು ಒಬ್ಬ ನೋಡಲಿಲ್ಲ. ಅವನು ಕಾರ್ಪೆಟ್ಟಿನ ನೂಲು ಕೀಳುತ್ತಿದ್ದ.

ಲಯನೆಲ್ ಬಾಯಿ ತೆರೆದ. ಬರ್ಥಾ ಅವನ ಕಾಲು ತುಳಿದಳು.

"ಏನಮ್ಮ, ನನ್ನ ಕಾಫಿ ಮುಗೀತು," ಎಂದು ಸಿದ್ದಲಿಂಗಪ್ಪ ಖಾಲಿ ಲೋಟವನ್ನು ಟಣ್ಣೆಂದು ಇಟ್ಟರು. "ನಾನು ಮಾತಿಗೆ ತಪ್ಪೋನಲ್ಲ, ನೀವೂ ತಪ್ಪಬೇಡಿ. ಆ ಕೈ ಸಿಕ್ಕಿತೋ ಇಲ್ಲವೋ?"

ಅಪೂರ್ವ ಮೇಲ್ತುಟಿಯ ನೊರೆಯನ್ನು ನಾಲಿಗೆಯಿಂದ ಒರೆಸಿಕೊಂಡು, ನಗುತ್ತಲೇ ಬರ್ಥಾಳನ್ನು ನೋಡಿದಳು.

"ಯಾವ ಕೈ ಆಂಟಿ?"